ಕಾಲೇಜಿಗೆ ಅಪ್ಪನ ಇನ್‌ಸ್ಪೆಕ್ಷನ್

ನಮ್ಮ ಮನೆಗೆ ಏನೇ ಬರಲಿ, ಮೊದಲು ಅಪ್ಪನ ಇನ್‌ಸ್ಪೆಕ್ಷನ್ ಆಗಬೇಕು. ಹಾಗಾಗಿ ನಗುವಂಥ ಪ್ರಸಂಗಗಳಿಗೆ ನಮ್ಮಲ್ಲಿ ಬರವಿಲ್ಲ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಾಲು ತಪಾಸಣೆ ಮಾಡಿ ರಿಟೈರ್ ಆದವರು. ಹಲಸೂರು ಮಾರ್ಕೆಟ್ಟಿನಲ್ಲಿ ಟೊಮೇಟೊ ಕೊಂಡರೂ ಬುಟ್ಟಿಯ ತಳದಿಂದಲೇ ಒಂದನ್ನು ಎಳೆದು ನೋಡುತ್ತಾರೆ. ಈಗೀಗ ಅವರನ್ನು ಕಂಡ ಕೂಡಲೇ ಅಂಗಡಿಯಾಕೆ ಬುಟ್ಟಿಯನ್ನೇ ಬೋರಲು ಹಾಕಿಬಿಡುತ್ತಾಳೆ.

ನಾನು ಮಹದೇವಪುರದ ಒಂದು ಆಫೀಸಿನಲ್ಲಿ ಐದು ವರ್ಷದಿಂದ ಪ್ರತಿ ತಿಂಗಳೂ ಒಂದೇ ರಿಪೋರ್ಟ್ ಮಾಡುತ್ತಿದ್ದೆ. ಒಮ್ಮೆ ಬೇಸರವಾಗಿ ಹಿಂದಿನ ತಿಂಗಳದ್ದನ್ನೇ ಮತ್ತೆ ಕಳಿಸಿದೆ. "ಗುಡ್ ಇಂಪ್ರೂವ್‌ಮೆಂಟ್" ಎಂದು ಉತ್ತರ ಬಂತು. ಅವತ್ತೇ ತೀರ್ಮಾನಿಸಿದೆ, ಕೆಲಸ ಬಿಟ್ಟು ಡೇಟಾ ಸೈನ್ಸ್‌ನಲ್ಲಿ ಎಂ.ಎಸ್ಸಿ. ಮಾಡಬೇಕು. ಸೀಟು ಸಿಗದಿದ್ದರೆ ಆ ರಿಪೋರ್ಟೇ ನನ್ನ ಹಣೆಬರಹ ಎಂದು ನಿಜಕ್ಕೂ ಹೆದರಿದ್ದೆ.

ಅಪ್ಪ, "ಓದು ಮಗಳೇ. ಕಾಲೇಜ್ ಹೆಂಗಿದೆ ಅಂತ ನಾನು ನೋಡ್ತೀನಿ" ಎಂದರು.

೧. ಮೂರು ನಗುಮುಖ

ಇಂದಿರಾನಗರದಲ್ಲಿ ನಡೆದ ಶಿಕ್ಷಣ ಮೇಳದಲ್ಲಿ ಒಂದು ಕಾಲೇಜಿನ ಕೌನ್ಸೆಲರ್ ಹುಡುಗಿ ಒಂದು ಬ್ರೋಷರ್ ಕೊಟ್ಟಳು. ಒಳ್ಳೆಯ ಕೆಲಸ ಸಿಕ್ಕ ಮೂವರು ಹಳೆಯ ವಿದ್ಯಾರ್ಥಿಗಳು ಅದರಲ್ಲಿ ನಗುತ್ತಿದ್ದರು.

"ಈ ಮೂವರನ್ನ ಆರಿಸಿದ್ದು ಯಾರು?" ಅಪ್ಪ ಕೇಳಿದರು.

"ನಾವೇ ಸರ್."

"ಮಾಲು ಕೊಡೋರು ಸ್ಯಾಂಪಲ್ ಆರಿಸಬಾರದಮ್ಮ. ಪೂರ್ತಿ ಲಿಸ್ಟ್ ಕೊಡಿ, ನಾನೇ ಆರಿಸ್ಕೋತೀನಿ."

"ಅದು ಪ್ರೈವೆಸಿ ಸರ್."

"ಈ ಮೂವರಿಗೆ ಪ್ರೈವೆಸಿ ಇರ್ಲಿಲ್ವಾ?"

ಆಕೆ ನಮಗೆ ಎರಡು ಪೆನ್ನು, ಒಂದು ಚೀಲ ಕೊಟ್ಟು ಕಳಿಸಿದಳು. ಅಪ್ಪ ಎರಡೂ ಪೆನ್ನಿನಲ್ಲಿ ಬರೆದು ನೋಡಿ ಒಂದನ್ನು ವಾಪಸ್ ಕೊಟ್ಟರು.

೨. ಏಳನೆಯವರು

ಮರುವಾರ ಅಪ್ಪ ಹೇಳದೆ ಕೇಳದೆ ಕೆ.ಆರ್. ಪುರದ ಆ ಕಾಲೇಜಿನ ಗೇಟಿಗೆ ಹೋಗಿ ನಿಂತರು. ಹೊರಗೆ ಬರುವ ಪ್ರತಿ ಏಳನೆಯವರನ್ನು ತಡೆದು, "ಕೋರ್ಸ್ ಹೆಂಗಿದೆ? ಕೆಲಸ ಸಿಗತ್ತಾ?" ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಒಂದು ಸಲ ಏಳನೆಯವನಾಗಿ ಬಂದದ್ದು ಕ್ಯಾಂಟೀನಿನ ಅಡುಗೆಯವನು. ನಿಯಮ ನಿಯಮವೇ.

"ಕೆಲಸ ಇದೆಯಾ?"

"ಬೆಳಗ್ಗೆ ಆರರಿಂದ ಐತೆ ಸಾರ್. ಬಿಡುವೇ ಇಲ್ಲ."

"ಪ್ಲೇಸ್‌ಮೆಂಟ್ ಆಗಿದೆ" ಎಂದು ಅಪ್ಪ ಬರೆದುಕೊಂಡರು.

ಸೆಕ್ಯುರಿಟಿಯವನು ಬಂದು, "ನೀವು ಯಾರ ಪೇರೆಂಟು?" ಎಂದ.

"ಇನ್ನೂ ಯಾರ್ದೂ ಅಲ್ಲ. ನೋಡ್ತಾ ಇದ್ದೀನಿ" ಎಂದರು ಅಪ್ಪ.

ಸಂಜೆ ಮನೆಯಲ್ಲಿ ವರದಿ ಓದಿದರು: "ಕೋರ್ಸ್ ಪಾಸ್. ಸಾಂಬಾರ್ ರಿಜೆಕ್ಟ್."

೩. ಇಂಟರ್‌ವ್ಯೂ

ವಿಭಾಗದ ಮುಖ್ಯಸ್ಥರು, "ನಮ್ಮ ಕೋರ್ಸನ್ನ ಹೇಗೆ ಆರಿಸಿದ್ರಿ?" ಎಂದು ಕೇಳಿದರು. ನಾನು ಅಪ್ಪನ ನೋಟ್‌ಬುಕ್ ಮುಂದಿಟ್ಟೆ. ಅವರು ಓದುತ್ತಾ ಓದುತ್ತಾ ಕನ್ನಡಕ ತೆಗೆದರು.

"ಏಳನೆಯವರೇ ಯಾಕೆ?"

ನನಗೆ ಗೊತ್ತಿರಲಿಲ್ಲ. ಹೊರಗೆ ಕೂತಿದ್ದ ಅಪ್ಪನನ್ನೇ ಕರೆಸಿದರು.

"ನಿಮ್ಮ ಹುಡುಗ್ರು ಲ್ಯಾಬಿಂದ ಆರಾರು ಜನ ಗುಂಪಾಗಿ ಬರ್ತಾರೆ ಸರ್" ಎಂದರು ಅಪ್ಪ. "ಆರು ಅಂತ ಎಣಿಸಿದ್ರೆ ಪ್ರತಿ ಸಲ ಹಿಂದೆ ಉಳಿಯೋನೇ ಸಿಕ್ತಾನೆ. ಕಾಲೇಜಿಗೆ ಅನ್ಯಾಯ."

ಮುಖ್ಯಸ್ಥರು ಅಪ್ಪನಿಗೆ ಕುರ್ಚಿ ಎಳೆದುಕೊಟ್ಟು, ನನ್ನನ್ನು ಹೊರಗೆ ಕಾಯಲು ಹೇಳಿದರು. ಮುಕ್ಕಾಲು ಗಂಟೆ ಕಾದೆ.

ಫಲಿತಾಂಶ ಬಂತು. ನನಗೆ ವೇಟಿಂಗ್ ಲಿಸ್ಟ್. ಅಪ್ಪನಿಗೆ ಪ್ರತಿ ಶನಿವಾರ ಸ್ಯಾಂಪ್ಲಿಂಗ್ ಬಗ್ಗೆ ಕ್ಲಾಸ್ ತೆಗೆದುಕೊಳ್ಳಲು ಆಹ್ವಾನ.

೪. ಮೊದಲ ಶನಿವಾರ

ಕೊನೆಯ ವಾರದಲ್ಲಿ ಯಾರೋ ಬಿಟ್ಟುಹೋಗಿ ನನಗೆ ಸೀಟು ಸಿಕ್ಕಿತು. ಖುಷಿಗೆ ಆಫೀಸಿನ ಲಿಫ್ಟಿನಲ್ಲಿ ಒಬ್ಬಳೇ ಅತ್ತುಬಿಟ್ಟೆ.

ಶನಿವಾರ ಅಪ್ಪ ನನ್ನನ್ನು ಮನೆಯಲ್ಲೇ ಬಿಟ್ಟು ಸ್ಕೂಟರಿನಲ್ಲಿ ಒಬ್ಬರೇ ಹೊರಟರು. "ಲೆಕ್ಚರರ್ ಜತೆ ಬಂದ್ರೆ ಚೆನ್ನಾಗಿರಲ್ಲ" ಎಂದರು. ಬಸ್ಸಿನಲ್ಲಿ ಹೋದ ನಾನು ಮುಂದಿನಿಂದ ಎಣಿಸಿ, ಎಂಟನೆಯ ಕುರ್ಚಿಯಲ್ಲಿ ಕ್ಷೇಮವಾಗಿ ಕೂತೆ.

ಮಾಲು ಕೊಡೋರ ಮಾತು ಯಾಕೆ ನಂಬಬಾರದು ಎಂದು ಅಪ್ಪ ಅರ್ಧ ಗಂಟೆ ಪಾಠ ಮಾಡಿದರು. ಆಮೇಲೆ ಕೊನೆಯ ಕುರ್ಚಿಯಿಂದ ಎಣಿಸುತ್ತಾ ಬಂದರು. ಅಲ್ಲಿಂದ ಏಳನೆಯವಳು ನಾನೇ.

"ಎದ್ದೇಳಿ. ಈ ಕೋರ್ಸ್ ಚೆನ್ನಾಗಿದೆ ಅಂತ ಯಾರು ಹೇಳಿದ್ರು?"

"ನಮ್ಮಪ್ಪ ಸರ್."

"ಅವರೇನು ಮಾಡ್ತಾರೆ?"

"ಇದೇ ಕಾಲೇಜಲ್ಲಿ ಪಾಠ ಮಾಡ್ತಾರೆ."

ಅಪ್ಪ ಕ್ಲಾಸಿನ ಕಡೆ ತಿರುಗಿ, "ನೋಡಿದ್ರಾ? ಈ ತಪ್ಪನ್ನೇ ನಾನು ಇಷ್ಟೊತ್ತು ಹೇಳ್ತಿದ್ದಿದ್ದು" ಎಂದರು.