ಪುಟ ರೆಡಿ, ಪಾಠ ಬಾಕಿ

ಹೆಂಡತಿ: ಬಣ್ಣದ ವಿಷಯ ಆಮೇಲೆ. ಅಕ್ಷರ ಎಷ್ಟು ಬರುತ್ತೆ, ಅದು ಹೇಳಿ ಮೊದಲು.

ಗಂಡ: ಅದನ್ನೇ ಹೇಳ್ತಿದ್ದೀನಲ್ಲೇ. ಹಿಂದೆ ನೀಲಿ ಇದ್ರೆ ಅಕ್ಷರ ಎದ್ದು ಕಾಣುತ್ತೆ.

ಹೆಂಡತಿ: ಅಕ್ಷರ ಎದ್ದಾಯ್ತು. ನೀವು ಎದ್ದು ಓದೋದು ಯಾವಾಗ?

ಭಾನುವಾರ ಮಧ್ಯಾಹ್ನ. ಊಟದ ಮೇಜಿನ ಅರ್ಧ ಭಾಗ ಅವನ ಹಳೇ ಲ್ಯಾಪ್‌ಟಾಪಿಗೆ, ಇನ್ನರ್ಧ ಅವಳ ಹೊಲಿಗೆ ಯಂತ್ರಕ್ಕೆ. ಇಬ್ಬರೂ ಒಂದೇ ಲಾಂಡ್ರಿಯಲ್ಲಿ ದುಡಿಯುವವರು. ಅವನು ನೆಲಮಾಳಿಗೆಯಲ್ಲಿ ಒದ್ದೆ ಹಾಸುಬಟ್ಟೆಯ ಮೂಟೆ ಎತ್ತುತ್ತಾನೆ, ಅವಳು ಮಹಡಿಯಲ್ಲಿ ಹರಿದದ್ದಕ್ಕೆ ತೇಪೆ ಹಾಕುತ್ತಾಳೆ. ನಾಲ್ಕು ತಿಂಗಳ ಹಿಂದೆ ಲಾಂಡ್ರಿಗೆ ಜಪಾನಿನಿಂದ ಒಂದು ಸೆಕೆಂಡ್ ಹ್ಯಾಂಡ್ ಯಂತ್ರ ಬಂತು. ಒಗೆಯುವುದು, ಹಿಂಡುವುದು, ಒಣಗಿಸುವುದು ಎಲ್ಲ ಅದೇ ಮಾಡುತ್ತದೆ. ಆದರೆ ಅದರ ಪರದೆಯ ಮೇಲೆ ಬರುವುದೆಲ್ಲ ಕಾಂಜಿ ಅನ್ನುವ ಜಪಾನಿ ಅಕ್ಷರ. ಒಟ್ಟು ಇಪ್ಪತ್ತನಾಲ್ಕು. ಒಂದು ಬರುತ್ತದೆ, ಒಂದು ಹೋಗುತ್ತದೆ. ಚೀಟಿ ಅಂಟಿಸೋಣವೆಂದರೆ ಜಾಗವಿಲ್ಲ. ಫೋನು ಹಿಡಿದು ನೋಡೋಣವೆಂದರೆ ಅದಕ್ಕೂ ನಿಷೇಧ, ಏಕೆಂದರೆ ಮ್ಯಾನೇಜರರ ಸ್ವಂತ ಫೋನೇ ಒಮ್ಮೆ ಹಳೇ ಯಂತ್ರದಲ್ಲಿ ದಿಂಬಿನ ಚೀಲಗಳ ಜೊತೆ ಶುಭ್ರವಾಗಿ ಒಗೆಸಿಕೊಂಡು ಹೊರಬಂದಿತ್ತು.

ಹೊಸ ಯಂತ್ರ ಓಡಲು ಬೇಕಾದ ಕರೆಂಟಿನ ಲೈನು ಬರಲು ನಾಲ್ಕು ತಿಂಗಳು ಹಿಡಿಯುತ್ತದೆ ಎಂದಾಗ ಮ್ಯಾನೇಜರರು ಎಲ್ಲರಿಗೂ ಅಕ್ಷರ ಮತ್ತು ಅರ್ಥದ ಒಂದೊಂದು ಪಟ್ಟಿ ಹಂಚಿದ್ದರು. ಲೈನು ಬಂದ ದಿನ ಯಾರು ಪರದೆ ಓದಿ ತೋರಿಸುತ್ತಾರೋ ಯಂತ್ರ ನಡೆಸುವ ಕೆಲಸ ಅವರದು, ಜೊತೆಗೊಬ್ಬರನ್ನು ಅವರೇ ಆರಿಸಿಕೊಳ್ಳಬಹುದು, ಉಳಿದವರೆಲ್ಲ ಇದ್ದಲ್ಲೇ. ಲೈನು ಬಂದಿತ್ತು. ಪರೀಕ್ಷೆ ನಾಳೆ. ಗಂಡನ ಸೊಂಟ ಇನ್ನೊಂದು ವರ್ಷ ಮೂಟೆ ಎತ್ತಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಅವಳ ಎದುರಿಗೇ. ಅವಳ ನಾಲಿಗೆ ಅಷ್ಟು ಹರಿತವಾಗಿದ್ದದ್ದು ಆ ಭಯಕ್ಕೆ.

ಹೆಂಡತಿ: ಆ ಇಸ್ತ್ರಿಯವನನ್ನ ನೋಡಿ. ಷರ್ಟಿನೊಳಗೆ ಇಡೋ ರಟ್ಟಿನ ಮೇಲೆ ಬರ್ಕೊಂಡು ಊಟದ ಹೊತ್ತಲ್ಲೂ ಗೀಚ್ತಾ ಕೂರ್ತಾನೆ. ಹತ್ತೊಂಬತ್ತು ಬಂತಂತೆ.

ಗಂಡ: ರಟ್ಟು! ಮುಟ್ಟಿದ್ರೆ ತಾನೇ ಮಗುಚುತ್ತಾ ಅವನ ರಟ್ಟು? ನಂದು ನೋಡು. ವೆಬ್ ಪೇಜು! ಮುಟ್ಟಿದ ಕೂಡ್ಲೇ ಕಾರ್ಡು ಮಗುಚಿ ಹಿಂದೆ ಅರ್ಥ ಬರುತ್ತೆ.

ಹೆಂಡತಿ: ರಟ್ಟನ್ನ ಕೈಯಲ್ಲೇ ಮಗುಚಬಹುದು ರೀ. ಅದು ನಿಮ್ಮ ಲ್ಯಾಪ್‌ಟಾಪಿನ ಹಾಗೆ ನಡುವೆ ಹ್ಯಾಂಗ್ ಆಗಿ ನಿಲ್ಲೋದೂ ಇಲ್ಲ.

ಗಂಡ: ಅರ್ಥ ಬಂದಾಗ ಮೇಲಿಂದ ನಕ್ಷತ್ರ ಉದುರುತ್ತೆ. ಅದಕ್ಕೇ ಮೂರು ವಾರ ಹಿಡೀತು.

ಹೆಂಡತಿ: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಕೆಳಗೆ ಅದೇನು, ಓಡ್ತಾ ಇದೆ?

ಗಂಡ: ನನ್ನ ಹೆಸರು. ಕಟ್ಟಿದವರು ಯಾರು ಅಂತ ಜನಕ್ಕೆ ಗೊತ್ತಾಗ್ಬೇಡ್ವಾ?

ಹೆಂಡತಿ: ಯಾವ ಜನ? ಈ ಪುಟ ನೋಡೋದು ನೀವು, ನಾನು, ಆ ಗೋಡೆ ಮೇಲಿನ ಹಲ್ಲಿ.

ಗಂಡ: ಉರ್ಕೋಬೇಡ. ನಾಳೆ ಯಂತ್ರ ನನ್ನ ಕೈಗೆ ಬಂದ್ಮೇಲೆ ಜೊತೆಗೆ ನಿನ್ನನ್ನೇ ತಗೋತೀನಿ. ಮಾತು ಕೊಟ್ಟಿದ್ದೀನಿ.

ಹೆಂಡತಿ: ಅಯ್ಯೋ ನನ್ನ ರಾಜ! ಕೂಸು ಹುಟ್ಟೋಕೆ ಮುಂಚೆ ಕುಲಾವಿ. ಎಲ್ಲಿ, ಒಪ್ಪಿಸಿ ನೋಡೋಣ.

ಗಂಡ ಕೈ ಒರೆಸಿಕೊಂಡು ಕಾರ್ಡು ಮುಟ್ಟುತ್ತ ಶುರುಮಾಡಿದ. ನೀರು, ಬೆಂಕಿ, ತೆರೆ, ಮುಚ್ಚು, ನಿಲ್ಲು, ಒಗೆ... ಎಲ್ಲೂ ತಡವರಿಸಲಿಲ್ಲ. ಒಂದು ಗಳಿಗೆ ಅವಳಿಗೆ ನಿಜವಾಗಿಯೂ ಸಂತೋಷವಾಯಿತು, ಬೈದದ್ದಕ್ಕೆ ನಾಚಿಕೆಯೂ ಆಯಿತು. ಆಮೇಲೆ ಅವನ ಕಣ್ಣು ಫ್ಯಾನಿನ ಕಡೆಗಿರುವುದು ಕಾಣಿಸಿತು. ಅವಳು ಮೆಲ್ಲಗೆ ಲ್ಯಾಪ್‌ಟಾಪು ಮುಚ್ಚಿದಳು.

ಗಂಡ: ...ಹನ್ನೆರಡು ಬಿಸಿ, ಹದಿಮೂರು ತಣ್ಣಗೆ, ಹದಿನಾಲ್ಕು ಒಣಗಿಸು...

ಹೆಂಡತಿ: ರೀ.

ಗಂಡ: ಮಧ್ಯೆ ಬಾಯಿ ಹಾಕ್ಬೇಡ, ತಪ್ಪಿಹೋಗುತ್ತೆ. ಹದಿನೈದು...

ಹೆಂಡತಿ: ಪುಟ ಮುಚ್ಚಿ ಆಯ್ತು ರೀ!

ಅವನು ಕೆಳಗೆ ನೋಡಿದ. ಅವನ ಬೆರಳು ಮುಚ್ಚಿದ ಲ್ಯಾಪ್‌ಟಾಪಿನ ಬೆನ್ನು ತಟ್ಟುತ್ತಿತ್ತು. ಅವಳು ತನ್ನ ಫೋನು ತೆಗೆದು, ಯಂತ್ರ ಬಂದ ದಿನ ಅದರ ಕೈಪಿಡಿಯಲ್ಲಿ ಎಲ್ಲ ಅಕ್ಷರವೂ ಒಟ್ಟಿಗಿದ್ದ ಹಾಳೆಯಿಂದ ತೆಗೆದಿದ್ದ ಫೋಟೊ ಅವನ ಮೂಗಿನ ಮುಂದೆ ಹಿಡಿದು, ಒಂದು ಅಕ್ಷರಕ್ಕೆ ಬೆರಳಿಟ್ಟಳು.

ಹೆಂಡತಿ: ಇದೇನು?

ಗಂಡ: ಇದು... ಇದು ಎಷ್ಟನೇದು?

ಹೆಂಡತಿ: ಎಷ್ಟನೇದು ಅಂತ ಯಂತ್ರ ಕೂಗಿ ಹೇಳುತ್ತಾ? ಬಟ್ಟೆ ಸುಟ್ಟಾಗ 'ನಾನು ಎರಡನೇದು ಸ್ವಾಮಿ' ಅನ್ನುತ್ತಾ?

ಗಂಡ: ಕಾರ್ಡು ಕಲೆಸೋಕೆ ಒಂದು ಗುಂಡಿ ಹಾಕ್ಬೇಕಿತ್ತು. ಮುಂದಿನ ವಾರಕ್ಕೆ ಇಟ್ಕೊಂಡಿದ್ದೆ.

ಹೆಂಡತಿ: ಪರೀಕ್ಷೆ ನಾಳೆ! ನಕ್ಷತ್ರ ಉದುರಿಸೋಕೆ ಮೂರು ವಾರ, ಕಲೆಸೋದು ಮುಂದಿನ ವಾರ! ನಾಲ್ಕು ತಿಂಗಳು ಗಿಳಿಪಾಠ! ಇಷ್ಟೂ ಗೊತ್ತಾಗಲ್ವಾ? ಆ ಅಕ್ಷರ ನೋಡಿ, ಕೈಕಾಲು ನಾಲ್ಕೂ ಚಾಚಿ ಬಿದ್ದಿಲ್ವಾ ಸೋಮಾರಿ ಥರ? ಅದು ನೀರು ರೀ, ನೀರು!

ಗಂಡ: ...ಪಕ್ಕದ್ದು?

ಹೆಂಡತಿ: ಎರಡು ಕಡೆ ಕಿಡಿ ಹಾರಿಸ್ಕೊಂಡು ಮ್ಯಾನೇಜರ್ ಕುಣೀತಿದ್ದಾರೆ, ಬೆಂಕಿ. ಅದರ ಕೆಳಗೆ ಕದಕ್ಕೆ ಅಡ್ಡಕೋಲು ಕೊಟ್ಟಿದೆ, ಸಾಲ ಕೇಳೋಕೆ ಹೋದಾಗ ನಿಮ್ಮ ಚಿಕ್ಕಪ್ಪನ ಮನೆ, ಮುಚ್ಚು.

ಗಂಡ: ಇದು?

ಹೆಂಡತಿ: ನಿಮ್ಮಕ್ಕ.

ಗಂಡ: ಏನು?

ಹೆಂಡತಿ: ಬಂದು ಕೂತರೆ ಕದಲಲ್ಲ. ನಿಲ್ಲು.

ಗಂಡ ಫೋಟೊ ದೊಡ್ಡದು ಮಾಡುತ್ತ, ಅಲ್ಲೊಂದು ಇಲ್ಲೊಂದು ಬೆರಳಿಟ್ಟು ತೋರಿಸುತ್ತ ಹೋದ. ಅವಳು ಪ್ರತಿಯೊಂದಕ್ಕೂ ಬೈದು ಅರ್ಥ ಹೇಳುತ್ತ ಹೋದಳು. ಇಪ್ಪತ್ತಮೂರು ಮುಗಿದಾಗ ಅವನು ಕುರ್ಚಿಗೆ ಒರಗಿದ.

ಗಂಡ: ನೀನು ಯಾವಾಗ್ಲೇ ಕಲ್ತೆ ಇದನ್ನ?

ಹೆಂಡತಿ: ಕಲಿಯೋದೇನು ಬಂತು? ಅಡುಗೆ ಮಾಡ್ತಿದ್ರೆ 'ಇದು ಮಗುಚ್ತಾ ಇದೆಯಾ ನೋಡೇ', ಹೊಲೀತಿದ್ರೆ 'ಇದು ತಲೆಕೆಳಗಾಗಿದೆ ನೋಡೇ'. ಒಳ್ಳೆಯ ಕಾರ್ಡು ನೀವು ನೋಡ್ತಿದ್ರಿ, ಕೆಟ್ಟಿದ್ದೆಲ್ಲ ನನಗೆ ಬರ್ತಿತ್ತು. ನಿಮ್ಮ ಕೈಗುಣ, ದಿನಕ್ಕೆ ಹತ್ತು ಕೆಡ್ತಿತ್ತು. ಬೈಯೋಕೆ ಒಂದೊಂದಕ್ಕೂ ಒಂದು ಹೆಸರು ಬೇಕಲ್ಲ, ಇಟ್ಕೊಂಡೆ.

ಹೇಳಿ ಮುಗಿಸಿದ ಮೇಲೆ ಅವಳಿಗೇ ತಾನು ಹೇಳಿದ್ದು ಅರ್ಥವಾಯಿತು. ಅವಳು ಫೋನು ಕೆಳಗಿಟ್ಟಳು.

ಗಂಡ: ನಾಳೆ ನೀನೇ ನಿಂತ್ಕೋ.

ಹೆಂಡತಿ: ನಾನಾ?

ಗಂಡ: ಯಾರು ಓದಿದ್ರೆ ಅವರದು ಅಂದಿದ್ದಾರೆ. ಮೂಟೆ ಹೊರೋರೇ ಓದ್ಬೇಕು ಅಂತ ಎಲ್ಲಿ ಅಂದ್ರು? ಆದ್ರೆ ಪುಟ ಕಟ್ಟಿದ್ದು ನಾನು ಅಂತ ಒಂದು ಮಾತು ಹೇಳ್ಬೇಕು.

ಹೆಂಡತಿ: ಹೇಳ್ತೀನಿ. ಸರಿಯಾಗಿ ಕಟ್ಟಿದ್ರೆ ನನಗೆ ಒಂದಕ್ಷರವೂ ಬರ್ತಿರ್ಲಿಲ್ಲ ಅಂತಾನೂ ಹೇಳ್ತೀನಿ.

ಗಂಡ: ಮತ್ತೆ ಜೊತೆಗೆ?

ಹೆಂಡತಿ: ಇಸ್ತ್ರಿಯವನಿದ್ದಾನಲ್ಲ. ಹತ್ತೊಂಬತ್ತು ಬರುತ್ತೆ.

ಅವನ ಮುಖ ಸಣ್ಣಗಾಯಿತು. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅವಳು ಅಷ್ಟು ಹೊತ್ತೂ ನೋಡದ ಹಾಗೆ ಸೂಜಿಗೆ ದಾರ ಪೋಣಿಸಿದಳು.

ಹೆಂಡತಿ: ಆ ಮುಖ ಸಾಕು. ನೀವೇ ಬನ್ನಿ. ಆದ್ರೆ ಯಂತ್ರದ ಬಣ್ಣ ಬದಲಾಯಿಸ್ತೀನಿ ಅಂದ್ರೆ ಅಲ್ಲೇ ಬಿಟ್ಟು ಬರ್ತೀನಿ.

ಅವನು ಲ್ಯಾಪ್‌ಟಾಪು ತೆರೆದು ಕಾರ್ಡುಗಳ ಹಿಂದೆ ಅವಳ ಬೈಗುಳಗಳನ್ನೇ ಬರೆಯತೊಡಗಿದ. ನೀರಿಗೆ ಸೋಮಾರಿ, ಮುಚ್ಚುಗೆ ಚಿಕ್ಕಪ್ಪ. ಅಕ್ಕನ ಹತ್ತಿರ ತುಸು ಹಿಂಜರಿದು, ಕೊನೆಗೆ ಬರೆದೇಬಿಟ್ಟ.

ಗಂಡ: ಕೊನೇದೊಂದು ಕೇಳೋದೇ ಮರೆತೆ. ಇಪ್ಪತ್ತನಾಲ್ಕನೇದು, 'ಕಾಯಿರಿ'. ಇದಕ್ಕೆ ಯಾರ ಹೆಸರಿಟ್ಟೆ?

ಹೆಂಡತಿ: ಅದಕ್ಕೆ ಬೇರೆಯವರು ಯಾಕೆ ರೀ? ನಾನೇ ಇದ್ದೀನಲ್ಲ.