ನಾಲ್ಕು ನಿಮಿಷದ ಕತ್ತಲೆ

ಮಸ್ಕತ್‌ನ ನಮ್ಮ ಕನ್ನಡ ಕೂಟದಲ್ಲಿ ಹನ್ನೊಂದು ವರ್ಷ ಕಾರ್ಯಕ್ರಮ ನಿರೂಪಿಸಿದ ನನಗೆ ವೇದಿಕೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಮುಖ್ಯ ಅತಿಥಿ ತಡವಾದರೆ ಎರಡು ನಗೆಹನಿ, ಮಕ್ಕಳ ಗೆಜ್ಜೆ ಕಳೆದುಹೋದರೆ ಇನ್ನೆರಡು. ವೇದಿಕೆ ಒಂದು ಕ್ಷಣವೂ ಖಾಲಿ ಬಿದ್ದದ್ದಿಲ್ಲ!

ಹಾಗಾಗಿ ನನ್ನ ಹೆಂಡತಿ ಶೈಲಾ, ಫಿಲಿಪ್ಪೀನ್ಸಿನ ಗಿಟಾರ್ ವಾದಕ ರೋಡೆಲ್ ಮತ್ತು ವಿಡಿಯೊ ತೆಗೆಯುವ ಕೊಲಂಬೊದ ನಿಲಂತಿ ಸೇರಿ ಬರಹ, ಚಿತ್ರ, ಸಂಗೀತ ಬೆರೆಸಿದ ಪ್ರಯೋಗವೊಂದಕ್ಕೆ ಹೊರಟಾಗ, ವೇದಿಕೆಯ ಉಸ್ತುವಾರಿಯನ್ನು ನಾನೇ ಘನತೆಯಿಂದ ವಹಿಸಿಕೊಂಡೆ. ತಾನು ಬರೆದದ್ದನ್ನು ಶೈಲಾ ಜನರೆದುರು ಓದುತ್ತಿದ್ದದ್ದು ಅದೇ ಮೊದಲು. ವಾರದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

"ನೀವು ಎಂತದೂ ಮಾಡುದು ಬೇಡ ಮಾರಾಯ್ರೆ, ಸುಮ್ಮನೆ ಕೂತ್ಕೊಳ್ಳಿ" ಎಂದಿದ್ದಳು. ವಿನಯದ ಮಾತೆಂದುಕೊಂಡೆ.

ಗುರುವಾರ ಸಂಜೆ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಸಭಾಂಗಣ ತುಂಬಿತ್ತು. ಪರದೆಯ ಮೇಲೆ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ರೋಡೆಲ್ ಗಿಟಾರಿನ ತಂತಿಯನ್ನು ಚಮಚದಿಂದ ಉಜ್ಜುತ್ತಿದ್ದ. ಶೈಲಾ, ಊರಿಗೆ ಫೋನ್ ಮಾಡುವ ಹೆಂಗಸಿನ ಕಥೆ ಓದುತ್ತಿದ್ದಳು. ನಲ್ಲಿಗೂ ಫೋನಿಗೂ ಏನು ಸಂಬಂಧ? ಚಮಚ ಯಾಕೆ? ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಪರದೆ ಕಪ್ಪಾಯಿತು. ದೀಪ ಆರಿತು. ಶೈಲಾಳ ದನಿಯೂ ನಿಂತಿತು!

ಪಾಪ, ಕತ್ತಲಲ್ಲಿ ಹಾಳೆ ಕಾಣಿಸುತ್ತಿಲ್ಲ! ನಾನು ಮೈಕ್ ಹಿಡಿದು ತಾಂತ್ರಿಕ ಅಡಚಣೆಗೆ ಮೂರು ಭಾಷೆಗಳಲ್ಲಿ ವಿಷಾದಿಸಿ, ಎರಡು ನಗೆಹನಿ ಮುಗಿಸಿ ಮೂರನೆಯದಕ್ಕೆ ಬಾಯಿ ತೆರೆದಾಗ ನಿಲಂತಿ ನನ್ನ ತೋಳು ಹಿಡಿದು ಒಳಗೆಳೆದಳು.

"ಖಲಾಸ್ ಅಂಕಲ್, ಖಲಾಸ್!"

ಕಾರಿನಲ್ಲಿ ಶೈಲಾ ಅಳುತ್ತಿದ್ದಳು. "ಊರಿನ ಫೋನ್ ಕಟ್ಟಾದ ಮೇಲೆ ಮನೆಯಲ್ಲೊಂದು ಮೌನ ಇರ್ತದಲ್ಲ? ಆ ನಾಲ್ಕು ನಿಮಿಷದ ಕತ್ತಲೆಗೇ ನಾನು ಇದನ್ನೆಲ್ಲ ಬರ್ದದ್ದು. ನೀವು ಅದ್ರಲ್ಲಿ ಜೋಕ್ ಹೇಳಿದ್ರಿ!"

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಮರುದಿನದ ಪ್ರದರ್ಶನದಲ್ಲಿ ತುಟಿ ಬಿಚ್ಚುವುದಿಲ್ಲವೆಂದು ಮಾತು ಕೊಟ್ಟೆ.

ಶುಕ್ರವಾರ ಮುಂದಿನ ಸಾಲಿನ ಮೂಲೆಯಲ್ಲಿ ಕಾಲು ಚಾಚಿ ಕುಳಿತೆ. ನಲ್ಲಿಯ ಮೂರನೆಯ ಹನಿಗೇ ಪರದೆ ಕಪ್ಪಾಯಿತು. ನಿನ್ನೆಗಿಂತ ಬೇಗ ಬಂತಲ್ಲ? ಇರಲಿ, ಪ್ರಯೋಗವಲ್ಲವೇ!

"ಕುಛ್ ಗಡ್‌ಬಡ್ ಹೈ ಕ್ಯಾ?" ಎಂದರು ಪಕ್ಕದಲ್ಲಿದ್ದ ಪಾಕಿಸ್ತಾನಿ ಇಂಜಿನಿಯರ್.

"ಶ್! ಆರ್ಟ್ ಹೈ ಭಾಯಿ!"

ಬಾಗಿಲ ಮೇಲಿನ ಹಸಿರು ದೀಪದ ಮಬ್ಬಿನಲ್ಲಿ ಶೈಲಾ ನನ್ನತ್ತ ಕೈ ಬೀಸಿದಳು. ಮತ್ತೆ ಬೀಸಿದಳು. ಎಂಥ ಅಭಿನಯ! ಗಂಡನನ್ನೂ ಕಥೆಯೊಳಗೆ ಸೇರಿಸಿದ್ದಾಳೆಂದು ನನ್ನ ಕಣ್ಣು ತುಂಬಿತು. ಕೊನೆಗೆ ಅವಳು ವೇದಿಕೆಯಿಂದಿಳಿದು ನೇರ ನನ್ನ ಬಳಿ ಬಂದಳು.

"ಕಾಲು ತೆಗೀರಿ ಮಾರಾಯ್ರೆ! ವಯರು ಎಳ್ದು ಪ್ಲಗ್ ಕಿತ್ತದ್ದು ನೀವು!"

ಪ್ಲಗ್ ಸಿಕ್ಕಿಸಿ ಮೊದಲಿಂದ ಶುರುಮಾಡಿದರು. ಈ ಸಲ ಅವಳು ಸೊಗಸಾಗಿ ಓದಿದಳು. ಎರಡನೆಯ ಸಾಲಿನಲ್ಲಿ ಯಾರೋ ಅತ್ತು ಮೂಗೆಳೆದುಕೊಂಡದ್ದೂ ಕೇಳಿಸಿತು. ಆಮೇಲೆ ಆ ನಿಜವಾದ ಕತ್ತಲೆ ಬಂತು. ನಾನು ಉಸಿರು ಬಿಗಿಹಿಡಿದೆ. ಅಷ್ಟರಲ್ಲಿ ಪಕ್ಕದ ಇಂಜಿನಿಯರ್ ಮೊಬೈಲಿನ ಬೆಳಕನ್ನು ನನ್ನ ಕಾಲ ಮೇಲೆ ಬಿಟ್ಟರು. ಇಡೀ ಸಭೆ ಬಗ್ಗಿ ನೋಡಿತು! ನಿರಪರಾಧಿಯೆಂದು ತೋರಿಸಲು ಎರಡೂ ಕಾಲುಗಳನ್ನು ಮೇಲಕ್ಕೆತ್ತಿದೆ. ಸಭಾಂಗಣವೆಲ್ಲ ನಕ್ಕಿತು.

ಬಾಯಿ ಬಿಟ್ಟು ಮಾತ್ರವಲ್ಲ, ಬಾಯಿ ಮುಚ್ಚಿಯೂ ನಾನು ಮೌನವನ್ನು ಕೆಡಿಸಬಲ್ಲೆ!