ಜಾಮ್ ಅಂದರೆ ಜಾಮು, ಜೆಲ್ಲಿ ಅಂದರೆ ಜೆಲ್ಲಿ

ಯಾರ್ಕ್‌ಷೈರಿನ ಒಂದು ಹಳ್ಳಿಯಲ್ಲಿ ಪ್ರತಿ ಆಗಸ್ಟಿನಲ್ಲಿ ನಡೆಯುವ ಮನೆತಿನಿಸುಗಳ ಪ್ರದರ್ಶನದಲ್ಲಿ ವಿನಿಫ್ರೆಡ್ ಮಾಡಿದ ರಾಸ್ಬೆರಿ ಜಾಮಿಗೆ ಆರು ವರ್ಷದಿಂದಲೂ ಎರಡನೇ ಬಹುಮಾನ. ಮೊದಲನೆಯದು ಪಕ್ಕದ ಮನೆಯ ಬೆರಿಲ್‌ಗೆ. ಇದರಿಂದ ಹೆಂಡತಿಗಿಂತ ಹೆಚ್ಚು ಹೊಟ್ಟೆ ಉರಿದದ್ದು ಗಂಡ ಎಡ್ಗರ್ ಮಾಸ್ತರರಿಗೆ. ಮೂವತ್ತೈದು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮೇಲೆ ತಿದ್ದುವುದಕ್ಕೆ ಅವರಿಗೆ ಊರೊಂದೇ ಉಳಿದಿತ್ತು.

“ವಿನೀ, ಅವಳು ಮಾಡೋದು ಜಾಮೇ ಅಲ್ಲ ಕಣೇ, ಜೆಲ್ಲಿ! ಹಣ್ಣಿನ ತಿರುಳಿದ್ರೆ ಜಾಮ್, ಬರೀ ರಸ ಸೋಸಿ ಮಾಡಿದ್ರೆ ಜೆಲ್ಲಿ. ಅವಳ ಬಾಟ್ಲಿ ಹಿಂದೆ ಪೇಪರ್ ಹಿಡಿದ್ರೆ ಕ್ರಿಕೆಟ್ ಸ್ಕೋರ್ ಓದಬಹುದು!”

“ಅಲ್ರೀ, ಟೋಸ್ಟಿಗೆ ಸವರಿದ ಮೇಲೆ ಎರಡೂ ಒಂದೇ. ಇಲ್ಲದ ಉಸಾಬರಿ ನಿಮಗ್ಯಾಕೆ?”

“ಒಂದೇನಾ? ಅಮೆರಿಕದವರು ಹಾಗನ್ನೋದು!” (ಮಾಸ್ತರರ ಬೈಗುಳಗಳಲ್ಲಿ ಇದಕ್ಕಿಂತ ಕೆಟ್ಟದ್ದಿಲ್ಲ.)

ಅಂದೇ ಅವರು ಪ್ರದರ್ಶನ ಸಮಿತಿಗೆ ನಾಲ್ಕು ಪುಟದ ಮಹಾಪ್ರಬಂಧ ಬರೆದರು. ಬೆಚ್ಚಿಬಿದ್ದ ಸಮಿತಿ ಅದನ್ನು ಸಭಾಭವನದ ಬಾಗಿಲಿಗೆ ಅಂಟಿಸಿತು. ಜಾಮು-ಜೆಲ್ಲಿ ವಿಂಗಡಿಸುವ ಸರ್ವಾಧಿಕಾರವನ್ನೂ ಅವರಿಗೇ ಕೊಟ್ಟಿತು. ಬಾಟಲಿಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಹಾಗಾಗಿ ಪಕ್ಷಪಾತದ ಮಾತೇ ಇರಲಿಲ್ಲ.

ಪ್ರದರ್ಶನದ ದಿನ ಮಾಸ್ತರರು ಡೇರೆಯಲ್ಲಿ ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದರು. ಹನ್ನೊಂದನೆಯದು ಮಾಣಿಕ್ಯದ ಹಾಗೆ ಫಳಫಳ. ತಿರುಳೂ ಇಲ್ಲ, ಬೀಜವೂ ಇಲ್ಲ. ‘ಸಿಕ್ಕಿಬಿದ್ದಳು ಬೆರಿಲ್!’ ಎಂದು ಉಬ್ಬಿಹೋಗಿ, ‘ನಿಯಮಾನುಸಾರ ಇಲ್ಲ’ ಎಂದು ಚೀಟಿ ಬರೆದು ಅದರ ಮುಂದಿಟ್ಟು, ಸ್ಪರ್ಧೆಯಿಂದಲೇ ಹೊರಗಿಟ್ಟರು.

ಮಧ್ಯಾಹ್ನ ಡೇರೆ ತೆರೆದಾಗ ಬೆರಿಲ್ ಓಡೋಡಿ ಬಂದಳು. “ಮಾಸ್ತ್ರೇ, ನಿಮ್ಮ ಪ್ರಬಂಧ ಓದಿ ಈ ಸಲ ಹಣ್ಣು ಸೋಸದೆ ಮಾಡಿದೆ. ಮತ್ತೆ ನಂಗೇ ಮೊದಲ ಬಹುಮಾನ! ತುಂಬಾ ಉಪಕಾರ ಆಯ್ತು.”

ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. ಮೆಲ್ಲನೆ ತಿರುಗಿದರು. ಹನ್ನೊಂದನೇ ನಂಬರಿನ ಮುಂದೆ ಚೀಟಿ ಹಿಡಿದು ವಿನಿಫ್ರೆಡ್ ನಿಂತಿದ್ದಳು.

“ಇದು... ನಿಂದಾ? ಬೀಜ ಎಲ್ಲಿ ಹೋಯ್ತೇ?”

“ಹೊಸ ಹಲ್ಲಿನ ಸೆಟ್ಟಿಗೆ ಬೀಜ ಸಿಕ್ಕೊಳ್ಳತ್ತೆ ಅಂತ ದಿನಾ ಬೆಳಿಗ್ಗೆ ಗೋಳಾಡ್ತಿದ್ದೋರು ಯಾರ್ರೀ?”

“ನನ್ನ ಪ್ರಬಂಧ ಓದಲಿಲ್ವಾ ನೀನು?”

“ಪುರುಸೊತ್ತೆಲ್ಲಿತ್ತು? ನೀವು ಬರೀತಾ ಕೂತಿದ್ದಾಗ ನಾನು ನಿಮಗೋಸ್ಕರ ಬಟ್ಟೆ ಕಟ್ಟಿ ಸೋಸ್ತಾ ಇದ್ದೆ.”

ಮಾಸ್ತರರಿಗೆ ಅಳು ಬರುವುದೊಂದು ಬಾಕಿ. ವಿನಿಫ್ರೆಡ್ ಆ ಚೀಟಿಯನ್ನು ಅವರ ಕೋಟಿನ ಜೇಬಿಗೆ ಸಿಕ್ಕಿಸಿದಳು.

“ಇನ್ಮೇಲೆ ಅಪ್ಪಟ ಜಾಮ್ ಬೇಕಂದ್ರೆ ಬೆರಿಲ್ ಹತ್ರಾನೇ ಇಸ್ಕೊಳ್ಳಿ. ಬೀಜ ಸಮೇತ ಕೊಡ್ತಾಳೆ!”